ಹೆತ್ತವರು, ಸಾಕಿದವರು, ಪೋಷಕರು: ಮೈಸೂರಿನಲ್ಲಿ ದತ್ತಕ ಹಾಗೂ ಮಲಸಂಬಂಧದ ಮಕ್ಕಳ ಪಾಲನೆ

ಮೈಸೂರು ಸಂಸ್ಥಾನದ ಇತಿಹಾಸವನ್ನು ಬರೆದವರೆಲ್ಲರೂ ದತ್ತಕದ ವಿಚಾರವನ್ನು ವಿಸ್ತಾರವಾಗಿ ಪ್ರಸ್ತಾಪಿಸಿದ್ದಾರೆ. ಸಿಂಹಾಸನಕ್ಕೆ ಯಾರು ಬಂದರು, ಯಾವ ಒಪ್ಪಂದದ ಮೇರೆಗೆ ಬಂದರು, ಬ್ರಿಟಿಷ್ ಸರ್ಕಾರವು ಅದಕ್ಕೆ ಯಾವಾಗ ಸಮ್ಮತಿಯಿತ್ತಿತು ಎಂಬ ಪ್ರಶ್ನೆಗಳಿಗೆ ಆ ಗ್ರಂಥಗಳಲ್ಲಿ ಸಮರ್ಪಕವಾದ ಉತ್ತರವುಂಟು. ಆದರೆ ದತ್ತಕಕ್ಕೆ ಬಂದ ಮಗುವು ಆ ರಾತ್ರಿ ಯಾರ ಮಗ್ಗುಲಲ್ಲಿ ಮಲಗಿತು, ಅದು ಹಟ ಹಿಡಿದಾಗ ಗದರುವ ಅಧಿಕಾರ ಯಾರಿಗಿತ್ತು, ಅದರ ವಿದ್ಯಾಭ್ಯಾಸವನ್ನು ನಿಶ್ಚಯಿಸಿದವರಾರು ಎಂಬುದನ್ನು ಕೇಳಿದವರು ವಿರಳ. ಉತ್ತರಾಧಿಕಾರವೆಂಬುದು ರಾಜಕೀಯದ ವಿಷಯ, ಪಾಲನೆಯೆಂಬುದು ಒಳಮನೆಯ ವಿಷಯ ಎಂಬ ಭಾವನೆಯೇ ಇದಕ್ಕೆ ಕಾರಣವಿರಬೇಕು. ಈ ಎರಡನ್ನು ಹೀಗೆ ಬೇರ್ಪಡಿಸಿದುದು ಸರಿಯಲ್ಲವೆಂದೂ, ಮಗುವನ್ನು ಸಾಕಿದವರ ಅಧಿಕಾರವನ್ನು ಕುರಿತ ಇಂದಿನ ಗೊಂದಲಗಳ ಬೇರು ಈ ವಿಭಜನೆಯಲ್ಲಿಯೇ ಇದೆಯೆಂದೂ ತೋರಿಸುವುದು ಪ್ರಕೃತ ಪ್ರಬಂಧದ ಉದ್ದೇಶ.

ಒಂದು ವಿವಾಹದ ಮಕ್ಕಳು ಮತ್ತೊಂದು ವಿವಾಹದ ಮನೆಯಲ್ಲಿ ಬೆಳೆಯುವ, ಅಥವಾ ಹೆರದವರು ಹೆತ್ತವರ ಸ್ಥಾನದಲ್ಲಿ ನಿಂತು ಸಾಕುವ ಕುಟುಂಬವನ್ನು ನಾವು ಇಲ್ಲಿ 'ಬೆಸೆದ ಸಂಸಾರ'ವೆಂದು ಕರೆಯುತ್ತೇವೆ. ಇದು ಅವಿಭಕ್ತ ಕುಟುಂಬವೆಂಬುದಕ್ಕೆ ಪರ್ಯಾಯಪದವಲ್ಲ. ಅವಿಭಕ್ತ ಕುಟುಂಬದಲ್ಲಿ ಯಾರ ಮಕ್ಕಳು ಯಾರೆಂಬುದು ಎಲ್ಲರಿಗೂ ತಿಳಿದಿರುತ್ತದೆ. ಬೆಸೆದ ಸಂಸಾರದಲ್ಲಿ ಅದೇ ದಿನದಿನದ ಪ್ರಶ್ನೆ.

ಮೊದಲು ಭಾಷೆಯ ಸಾಕ್ಷ್ಯವನ್ನು ನೋಡೋಣ. 'ಮಲತಾಯಿ' ಎಂಬ ಪದವು ನಮ್ಮಲ್ಲಿ ಹಳೆಯದೇ ಆದರೂ ಅದನ್ನು ಯಾರೂ ಸಂಬೋಧನೆಯಾಗಿ ಬಳಸುವುದಿಲ್ಲ. ಮಗುವು ತಂದೆಯ ಎರಡನೆಯ ಹೆಂಡತಿಯನ್ನು 'ಚಿಕ್ಕಮ್ಮ' ಎಂದೋ, ಕೆಲವು ಮನೆಗಳಲ್ಲಿ 'ಚಿಕ್ಕತಾಯಿ' ಎಂದೋ ಕರೆಯುತ್ತದೆ. ಇದೇ ಪದವು ತಾಯಿಯ ತಂಗಿಗೂ ಸಲ್ಲುತ್ತದೆ, ಚಿಕ್ಕಪ್ಪನ ಹೆಂಡತಿಗೂ ಸಲ್ಲುತ್ತದೆ. ಮಡದಿಯನ್ನು ಕಳೆದುಕೊಂಡವನಿಗೆ ಆಕೆಯ ತಂಗಿಯನ್ನೇ ತಂದುಕೊಳ್ಳುವ ರೂಢಿ ಹಿಂದೆ ವ್ಯಾಪಕವಾಗಿದ್ದುದರಿಂದ ಮಗುವಿನ ಬಾಯಲ್ಲಿ ಪದವು ಬದಲಾಗಬೇಕಾದ ಅಗತ್ಯವೇ ಬೀಳುತ್ತಿರಲಿಲ್ಲ. ನಿನ್ನೆ ಚಿಕ್ಕಮ್ಮನಾಗಿದ್ದವಳು ಇಂದೂ ಚಿಕ್ಕಮ್ಮನೇ. 'ಮಲ' ಎಂಬ ವಿಶೇಷಣವಾದರೋ ಮೂರನೆಯವರ ಮಾತು. ಜಗಲಿಯ ಮೇಲೆ ಕುಳಿತವರ ಮಾತು. ಇಂದಿಗೂ ಅದು ಮನೆಯಲ್ಲಿ ಕೇಳಿಬರುವುದಕ್ಕಿಂತ ವಿಧಾನಮಂಡಲದಲ್ಲಿಯೂ ವೃತ್ತಪತ್ರಿಕೆಗಳಲ್ಲಿಯೂ ಕೇಳಿಬರುವುದೇ ಹೆಚ್ಚು. ಅನುದಾನ ಸಾಲದಾದಾಗಲೆಲ್ಲ 'ಮಲತಾಯಿ ಧೋರಣೆ'ಯೆಂಬ ಆಪಾದನೆ ಸಿದ್ಧವಾಗಿರುತ್ತದೆ. ಲಕ್ಷಾಂತರ ಮಂದಿ ಹೆಂಗಸರ ನಿತ್ಯದ ದುಡಿಮೆಯು ಹೀಗೆ ಒಂದು ಬೈಗುಳವಾಗಿ ಉಳಿದುಕೊಂಡಿದೆಯೆಂಬುದು ವಿಷಾದದ ಸಂಗತಿ.

ನಮ್ಮ ಕಾವ್ಯಗಳು ಈ ವಿಷಯದಲ್ಲಿ ಜಗಲಿಯ ಮಾತಿಗಿಂತ ಉದಾರವಾಗಿವೆ. ಕುಂತಿಯು ಮಾದ್ರಿಯ ಮಕ್ಕಳನ್ನು ತನ್ನವರೆಂದೇ ಸಾಕಿದಳು. ತಾನು ಹೆತ್ತ ಕರ್ಣನನ್ನು ಮಾತ್ರ ರಾಧೆಯ ಮಡಿಲಿಗೆ ಬಿಟ್ಟಳು. ಲಕ್ಷ್ಮೀಶನ ಚಂದ್ರಹಾಸನನ್ನು ಮೊದಲು ಕಾಪಾಡಿದವಳು ದಾದಿ, ಬಳಿಕ ಮಗನಾಗಿ ಬೆಳೆಸಿದವನು ಕುಳಿಂದ. ಧರ್ಮಶಾಸ್ತ್ರದ ದೃಷ್ಟಿಯಾದರೋ ಬೇರೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರದಲ್ಲಿ ದತ್ತಕಪುತ್ರನ ವಿಚಾರವನ್ನು ಎತ್ತಿಕೊಂಡಾಗ, ಒಬ್ಬನೇ ಮಗನನ್ನು ಕೊಡಬಾರದು, ಹಿರಿಯ ಮಗನನ್ನು ಕೊಡಬಾರದು ಎಂಬ ನಿಷೇಧಗಳನ್ನು ಎತ್ತಿ ಹೇಳುತ್ತಾನೆ. ಕೊಡುವ ಕುಲದ ಪಿಂಡವು ತಪ್ಪದಿರಲೆಂಬುದು ಅಲ್ಲಿನ ಕಾಳಜಿ. ಕೊಡುವುದು, ಕೊಳ್ಳುವುದು, ಪಿಂಡ, ದಾಯಭಾಗ ಇವುಗಳ ಸುತ್ತಲೇ ಆ ಚರ್ಚೆ ಸುತ್ತುತ್ತದೆ. ಮೈಸೂರು ಸೀಮೆಯಲ್ಲಿ ಹಿಂದೂ ಕುಟುಂಬಗಳ ವ್ಯವಹಾರಕ್ಕೆ ಶತಮಾನಗಳ ಕಾಲ ಆಧಾರವಾಗಿದ್ದುದು ಈ ಗ್ರಂಥವೇ.

ಇನ್ನು ಮೈಸೂರಿನ ಅರಮನೆಗೆ ಬರೋಣ. 1776ರಲ್ಲಿ ಅರಸನಿಲ್ಲದ ಸಿಂಹಾಸನಕ್ಕೆ ಹೈದರಾಲಿಯು ಬಾಲಕನೊಬ್ಬನನ್ನು ಆರಿಸಿದ ಕಥೆಯನ್ನು ವಿಲ್ಕ್ಸನು ಹೇಳುತ್ತಾನೆ. ಅರಸು ಮನೆತನಗಳ ಮಕ್ಕಳನ್ನೆಲ್ಲ ಒಂದು ಹಜಾರದಲ್ಲಿ ಬಿಟ್ಟು, ಆಟದ ಸಾಮಾನು, ಹಣ್ಣು, ಮಿಠಾಯಿಗಳನ್ನು ಹರಡಿದರಂತೆ. ಮಿಕ್ಕವು ತಿಂಡಿಗೆ ಕೈಹಾಕಿದಾಗ ಒಂದು ಮಗು ಮಾತ್ರ ಕಠಾರಿಯನ್ನೂ ನಿಂಬೆಯ ಹಣ್ಣನ್ನೂ ಎತ್ತಿಕೊಂಡಿತಂತೆ. ಹೀಗೆ ಆಯ್ಕೆಯಾದವನು ಖಾಸಾ ಚಾಮರಾಜ ಒಡೆಯರ್. ಕಥೆಯ ಸತ್ಯಾಸತ್ಯವನ್ನು ಇಲ್ಲಿ ನಿರ್ಣಯಿಸಬೇಕಾಗಿಲ್ಲ. ಮಗುವಿನ ಯೋಗ್ಯತೆಯು ಅದರ ಹುಟ್ಟುಗುಣದಲ್ಲಿದೆ, ಬೆಳೆಸುವವರ ಕೈಯಲ್ಲಿಲ್ಲ ಎಂಬ ನಂಬಿಕೆಯನ್ನು ಈ ಕಥೆ ಸ್ಪಷ್ಟವಾಗಿ ಹೇಳುತ್ತದೆ. ಅದೇ ನಮಗೆ ಮುಖ್ಯ.

ಖಾಸಾ ಚಾಮರಾಜರು 1796ರಲ್ಲಿ ತೀರಿಕೊಂಡಾಗ ಅವರ ಮಗ ಕೃಷ್ಣರಾಜರಿಗೆ ಎರಡು ವರ್ಷ. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದ ಮೇಲೆ, ಅದೇ ಜೂನ್ 30ರಂದು ಮೈಸೂರಿನಲ್ಲಿ ಆ ಬಾಲಕನಿಗೆ ಪಟ್ಟವಾಯಿತು. ಆಗ ಆತನಿಗೆ ಐದು ವರ್ಷವೂ ತುಂಬಿರಲಿಲ್ಲ. ಪಟ್ಟಕ್ಕೆ ಮುಂಚೆ ಕಂಪನಿಯ ಕಮಿಷನರುಗಳಿಗೆ ಒಪ್ಪಿಗೆಯ ಪತ್ರವನ್ನು ಬರೆದವರು ಇಮ್ಮಡಿ ಕೃಷ್ಣರಾಜರ ವಿಧವೆಯರಾದ ಲಕ್ಷ್ಮಮ್ಮಣ್ಣಿಯವರು ಮತ್ತು ದೇವಾಜಮ್ಮಣ್ಣಿಯವರು. ಇಮ್ಮಡಿ ಕೃಷ್ಣರಾಜರು ತೀರಿಕೊಂಡುದು 1766ರಲ್ಲಿ. ಈ ಇಬ್ಬರು ಹೆಂಗಸರಿಗೂ ಬಾಲಕನಿಗೂ ರಕ್ತಸಂಬಂಧವಿಲ್ಲ. ಆಯ್ಕೆಯಿಂದ ಮನೆತನಕ್ಕೆ ಬಂದವನ ಮಗನಾದುದರಿಂದ ಸಂಬಂಧದಲ್ಲಿ ಮೊಮ್ಮಗ, ಅಷ್ಟೆ. ಆದರೂ ಆ ಪತ್ರದಲ್ಲಿ ಅವರು ಆತನನ್ನು ತಮ್ಮ ಹುಡುಗನೆಂದೇ ಕರೆದಿದ್ದಾರೆ. ರಾಜ್ಯಗಳ ನಡುವಣ ಪತ್ರವ್ಯವಹಾರದಲ್ಲಿ ಇಂಥದೊಂದು ಮನೆಮಾತು ನುಸುಳಿಕೊಂಡುದು ನಮ್ಮ ಗಮನಕ್ಕೆ ಅರ್ಹವಾಗಿದೆ.

ಲಕ್ಷ್ಮಮ್ಮಣ್ಣಿಯವರನ್ನು ಇತಿಹಾಸಜ್ಞರು ಬಲ್ಲರು. ಸಿಂಹಾಸನವನ್ನು ಮರಳಿ ಪಡೆಯಲು ಅವರು ತಿರುಮಲರಾಯರ ಮೂಲಕ ಮದರಾಸಿನೊಡನೆ ನಡೆಸಿದ ಸಂಧಾನಗಳೂ 1782ರ ಒಪ್ಪಂದವೂ ಎಲ್ಲ ಗ್ರಂಥಗಳಲ್ಲಿವೆ. ಆದರೆ 1799ರಿಂದ, ತಾವು ತೀರಿಕೊಂಡ 1810ರ ತನಕ, ಅವರು ಈ ಬಾಲಕನ ಬಳಿ ಹಿರಿಯರಾಗಿದ್ದರೆಂಬುದಕ್ಕೆ ಅದೇ ಗ್ರಂಥಗಳು ಒಂದೆರಡು ವಾಕ್ಯಗಳಿಗಿಂತ ಹೆಚ್ಚನ್ನು ಮೀಸಲಿಡುವುದಿಲ್ಲ. ರಾಜ್ಯವನ್ನು ದಿವಾನ್ ಪೂರ್ಣಯ್ಯನವರು ನಡೆಸಿದರು. ಬಾಲಕನ ಮೇಲೆ ರಾಣಿಯವರ ಹಿರಿತನ, ಬಾಲಕನ ರಾಜ್ಯದ ಮೇಲೆ ದಿವಾನರ ಹಿರಿತನ ಎಂಬ ಎರಡು ಅಧಿಕಾರಗಳು ಅಂದಿನಿಂದ ಜೊತೆಜೊತೆಯಾಗಿ ನಡೆದವು. ರಾಣಿಯವರು ತೀರಿಕೊಂಡ ಮರುವರ್ಷ, 1811ರಲ್ಲಿ, ಹದಿನೇಳನೆಯ ವಯಸ್ಸಿಗೆ ಕಾಲಿಡುತ್ತಿದ್ದ ಅರಸರು ಅಧಿಕಾರವನ್ನು ತಾವೇ ವಹಿಸಿಕೊಂಡರು, ಪೂರ್ಣಯ್ಯನವರು ನಿವೃತ್ತರಾದರು. ಇದನ್ನು ದಿವಾನರಿಗೂ ಅರಸರಿಗೂ ನಡುವಣ ವಿರಸವೆಂದು ಬರೆದವರು, ಹರೆಯದ ಹುಡುಗನಿಗೂ ಮಾತು ಕೇಳಿಸಿಕೊಳ್ಳಬಲ್ಲ ಹಿರಿಯರಿಗೂ ನಡುವೆ ನಿಲ್ಲಬಲ್ಲವರು ಆ ವೇಳೆಗೆ ಯಾರೂ ಉಳಿದಿರಲಿಲ್ಲವೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡಾಗ ಅರಸರ ದುಂದುವೆಚ್ಚವನ್ನು ಮುಖ್ಯ ಕಾರಣಗಳಲ್ಲೊಂದಾಗಿ ಹೇಳಿದರು.

ಈ ಆಪಾದನೆಯ ನೆರಳು ಮುಂದಿನ ದತ್ತಕದ ಮೇಲೆ ಬಿತ್ತು. 1865ರ ಜೂನ್‌ನಲ್ಲಿ, ಎಪ್ಪತ್ತರ ಹರೆಯದಲ್ಲಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು ಬೆಟ್ಟದಕೋಟೆ ಮನೆತನದ ಚಿಕ್ಕಕೃಷ್ಣರಾಜ ಅರಸರ ಮೂರನೆಯ ಮಗನನ್ನು ದತ್ತು ತೆಗೆದುಕೊಂಡರು. 1863ರ ಫೆಬ್ರವರಿಯಲ್ಲಿ ಹುಟ್ಟಿದ ಆ ಮಗುವಿಗೆ ಆಗ ಎರಡು ವರ್ಷ ಮಾತ್ರ. ಹಿರಿಯನಲ್ಲದ, ಒಬ್ಬನೇ ಅಲ್ಲದ ಮಗನನ್ನು ಪಡೆದುದರಲ್ಲಿ ಶಾಸ್ತ್ರಕ್ಕೆ ಲೋಪವಿರಲಿಲ್ಲ. ಆದರೆ ಭಾರತ ಸರ್ಕಾರವು ಈ ದತ್ತಕವನ್ನು ಸಿಂಹಾಸನದ ಮಟ್ಟಿಗೆ ಒಪ್ಪಲಿಲ್ಲ. 1867ರ ಏಪ್ರಿಲ್‌ನಲ್ಲಿ ಲಂಡನ್ನಿನ ಭಾರತ ಮಂತ್ರಿ ಸ್ಟ್ಯಾಫರ್ಡ್ ನಾರ್ತ್‌ಕೋಟನು ಒಪ್ಪಿಗೆಯನ್ನು ಕಳುಹಿಸಿದನು. ಒಪ್ಪಿಗೆಯ ಜೊತೆಯಲ್ಲೇ ಬಾಲಕನ ಸ್ಥಾನಕ್ಕೆ ತಕ್ಕ ವಿದ್ಯಾಭ್ಯಾಸದ ಏರ್ಪಾಡೂ ಆಗಬೇಕೆಂಬ ಸೂಚನೆ ಬಂದಿತು. ಎರಡು ವರ್ಷಗಳ ಕಾಲ ಆ ಮಗುವು ಮನೆಯಲ್ಲಿ ಮಗನಾಗಿದ್ದು ಸರ್ಕಾರದ ಕಾಗದಗಳಲ್ಲಿ ಮಗನಾಗದೆ ಬೆಳೆಯಿತು. ಮನೆಯೊಳಗೆ ಒಂದು ಸಂಬಂಧ, ದಾಖಲೆಯಲ್ಲಿ ಮತ್ತೊಂದು. ಮುಂದೆ ನಾವು ಹೇಳಲಿರುವ ಸಾಮಾನ್ಯರ ಮನೆಗಳ ಕಥೆಯೂ ಇದಕ್ಕಿಂತ ಭಿನ್ನವಲ್ಲ.

1868ರ ಮಾರ್ಚ್‌ನಲ್ಲಿ ಮುಮ್ಮಡಿಯವರು ತೀರಿಕೊಂಡರು. ಆ ಸೆಪ್ಟೆಂಬರ್‌ನಲ್ಲಿ ಐದು ವರ್ಷದ ಚಾಮರಾಜೇಂದ್ರರಿಗೆ ಪಟ್ಟವಾಯಿತು. ಅರಮನೆಯಲ್ಲಿ ಅವರನ್ನು ಮಗನೆಂದು ಬರಮಾಡಿಕೊಂಡ ರಾಣಿವಾಸವಿತ್ತು. ಆದರೆ 1869ರಲ್ಲಿ ಅವರ ಪೋಷಕರಾಗಿ ನೇಮಕವಾದವರು ಸೈನ್ಯಾಧಿಕಾರಿ ಮ್ಯಾಲೆಸನ್. 1857ರ ದಂಗೆಯ ಇತಿಹಾಸವನ್ನು ಬರೆದ ಗ್ರಂಥಕರ್ತನೂ ಈತನೇ. ಇತಿಹಾಸಕಾರನೊಬ್ಬನಿಗೆ ಮಗುವನ್ನು ಬೆಳೆಸುವ ಕೆಲಸ ಬಿದ್ದುದು ನಮ್ಮಂಥವರಿಗೆ ಕುತೂಹಲದ ವಿಷಯ. 1877ರ ತನಕ ಈತನು ಆ ಸ್ಥಾನದಲ್ಲಿದ್ದನು. ಲೋಕರಂಜನ ಮಹಲಿನಲ್ಲಿ ಶಾಲೆಯೊಂದು ಏರ್ಪಟ್ಟಿತು, ಅರಸು ಮನೆತನಗಳ ಬಾಲಕರು ಸಹಪಾಠಿಗಳಾಗಿ ಬಂದರು.

ಈ ಏರ್ಪಾಡಿನ ಹಿಂದಿದ್ದ ಭಾವನೆಯನ್ನು ನಾವು ಸರಿಯಾಗಿ ಗ್ರಹಿಸಬೇಕು. ಅಂತಃಪುರದ ಹೆಂಗಸರ ಕೈಯಲ್ಲಿ ಬೆಳೆದ ರಾಜಕುಮಾರನು ಕೆಡುತ್ತಾನೆಂಬುದು ಆ ಕಾಲದ ಬ್ರಿಟಿಷ್ ಅಧಿಕಾರಿಗಳಲ್ಲಿ ಬೇರೂರಿದ್ದ ಅಭಿಪ್ರಾಯ. ಕಾಥೇವಾಡದ ರಾಜಕೋಟೆಯಲ್ಲಿ ರಾಜಕುಮಾರ ಕಾಲೇಜು 1870ರಲ್ಲಿ ತೆರೆದುದೂ, ಅಜ್ಮೀರದ ಮೇಯೋ ಕಾಲೇಜು 1875ರಲ್ಲಿ ಸ್ಥಾಪಿತವಾದುದೂ ಇದೇ ಭಾವನೆಯಿಂದಲೇ. 1875ರಲ್ಲಿ ಬರೋಡದ ಜಮನಾಬಾಯಿಯವರು ಹಳ್ಳಿಯಿಂದ ಬಂದ ಬಾಲಕನನ್ನು ದತ್ತು ತೆಗೆದುಕೊಂಡು ಸಯಾಜಿರಾಯರನ್ನಾಗಿ ಮಾಡಿದಾಗಲೂ, ಪಾಠಕ್ಕೆ ಇಂಗ್ಲಿಷ್ ಅಧಿಕಾರಿಯೊಬ್ಬನು ಬಂದನು. ಮಗುವಿನ ದಿನವು ಹೀಗೆ ಇಬ್ಭಾಗವಾಯಿತು. ಊಟ, ಹಬ್ಬ, ಪೂಜೆ, ನಿದ್ರೆ ಹೆಂಗಸರಿಗೆ. ಪಾಠ, ಸವಾರಿ, ಆಟ, ಸಂಚಾರ ಗಂಡಸರಿಗೆ. ಎರಡನೆಯ ಭಾಗಕ್ಕೆ ವರದಿ, ಸಂಬಳ, ಬಿರುದುಗಳುಂಟು. ಮೊದಲನೆಯದಕ್ಕೆ ಯಾವುದೂ ಇಲ್ಲ. ಆದುದರಿಂದಲೇ ಇಂದು ಆ ಕಾಲದ ಪಾಠವನ್ನು ಕುರಿತು ಪುಟಗಟ್ಟಲೆ ಬರೆಯಬಹುದು, ಊಟವನ್ನು ಕುರಿತು ಬರೆಯಲು ಒಂದು ಸಾಲೂ ದೊರೆಯುವುದು ಕಷ್ಟ. ಸಾಕಿದವರ ಹೆಸರು ಕಾಗದದ ಮೇಲೆ ಬರುವುದು ದೂರಿನ ಸಂದರ್ಭದಲ್ಲಿ ಮಾತ್ರ.

ಇದಕ್ಕೆ ಒಂದು ದೊಡ್ಡ ಅಪವಾದವುಂಟು. 1894ರ ಡಿಸೆಂಬರ್ 28ರಂದು ಚಾಮರಾಜೇಂದ್ರ ಒಡೆಯರು ಕಲ್ಕತ್ತದಲ್ಲಿ ಗಂಟಲಮಾರಿಯಿಂದ ಅಕಾಲಮರಣ ಹೊಂದಿದಾಗ ಮಹಾರಾಣಿ ಕೆಂಪನಂಜಮ್ಮಣ್ಣಿಯವರಿಗೆ ಇಪ್ಪತ್ತೆಂಟು ವರ್ಷ. ಹಿರಿಯ ಮಗ ಕೃಷ್ಣರಾಜರಿಗೆ ಹತ್ತು. ಮತ್ತೊಬ್ಬ ಮಗ ಮತ್ತು ಮೂವರು ಹೆಣ್ಣುಮಕ್ಕಳು. ವಾಣೀವಿಲಾಸ ಸನ್ನಿಧಾನವೆಂದು ಪ್ರಸಿದ್ಧರಾದ ಅವರು 1895ರಿಂದ 1902ರ ಆಗಸ್ಟ್ 8ರ ತನಕ ರಾಜಪ್ರತಿನಿಧಿಯಾಗಿ ರಾಜ್ಯವನ್ನಾಳಿದರು. ಅರಸರ ವಿದ್ಯಾಭ್ಯಾಸಕ್ಕೆ 1896ರಿಂದ ಸ್ಟೂಅರ್ಟ್ ಫ್ರೇಸರ್ ಬಂದರು. ಮಿರ್ಜಾ ಇಸ್ಮಾಯಿಲರಂಥವರು ಸಹಪಾಠಿಗಳಾದರು. ಆದರೆ ಈ ಸಲ ಪಾಠದ ಗಂಡಸರಿಗೂ ಊಟದ ಹೆಂಗಸರಿಗೂ ನಡುವೆ ಗೆರೆ ಎಳೆಯುವುದು ಸುಲಭವಿರಲಿಲ್ಲ, ತಾಯಿಯೇ ಸರ್ಕಾರವಾಗಿದ್ದರು. 1897ರಲ್ಲಿ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಹಳೆಯ ಅರಮನೆಗೆ ಬೆಂಕಿ ಬಿದ್ದಿತು. ವರನಾದವರು ಮಹಾರಾಣಿಯವರ ಸೋದರ ಕಾಂತರಾಜ ಅರಸರು, ಅರ್ಥಾತ್ ವಧುವಿನ ಸೋದರಮಾವ. ತಂದೆಯಿಲ್ಲದ ಮನೆಗೆ ಹೊರಗಿನವರನ್ನು ತಾರದೆ, ಇರುವ ಸಂಬಂಧವನ್ನೇ ಇನ್ನೊಂದು ಗಂಟಿನಿಂದ ಬಿಗಿಗೊಳಿಸುವ ಈ ಕ್ರಮವು ಕನ್ನಡ ನಾಡಿನ ಅನೇಕ ಮನೆಗಳಿಗೆ ಅಪರಿಚಿತವಲ್ಲ. ಆ ದಂಪತಿಗಳ ನಿವಾಸವಾಗಿದ್ದ ಜಯಲಕ್ಷ್ಮೀವಿಲಾಸವು ಈಗ ನಮ್ಮ ಮಾನಸಗಂಗೋತ್ರಿಯ ಆವರಣದಲ್ಲಿಯೇ ಇರುವುದನ್ನು ವಿದ್ಯಾರ್ಥಿಗಳು ಬಲ್ಲರು.

ಕೃಷ್ಣರಾಜ ಒಡೆಯರಿಗೆ ಮಕ್ಕಳಿರಲಿಲ್ಲ. ತಮ್ಮನ ಮಗ ಜಯಚಾಮರಾಜರು 1940ರ ಮಾರ್ಚ್‌ನಲ್ಲಿ ತಂದೆಯನ್ನೂ ಆಗಸ್ಟ್‌ನಲ್ಲಿ ದೊಡ್ಡಪ್ಪನವರನ್ನೂ ಕಳೆದುಕೊಂಡು, ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದರು. 2015ರಲ್ಲಿ ಪ್ರಮೋದಾದೇವಿಯವರು ಯದುವೀರರನ್ನು ದತ್ತು ಪಡೆದುದೂ ಇದೇ ಪರಂಪರೆಯ ಮುಂದುವರಿಕೆ. ಆಗ ದತ್ತುಪುತ್ರರಿಗೆ ಇಪ್ಪತ್ತು ವರ್ಷ ಮೀರಿದ್ದುದರಿಂದ ಪಾಲನೆಯ ಪ್ರಶ್ನೆ ಅಲ್ಲಿ ಏಳುವುದಿಲ್ಲ.

ಅರಮನೆಯ ಹೊರಗೆ, ಅಗ್ರಹಾರಗಳಲ್ಲಿ, ಮೊಹಲ್ಲಾಗಳಲ್ಲಿ ಬೆಸೆದ ಸಂಸಾರಗಳಿಗೆ ಕೊರತೆಯಿರಲಿಲ್ಲ. ಹೆರಿಗೆಯಲ್ಲಿ ತಾಯಂದಿರು ಸಾಯುತ್ತಿದ್ದ ಕಾಲವದು. ಎಳೆಯ ಮಕ್ಕಳಿದ್ದ ಗಂಡಸು ವರ್ಷದೊಳಗೆ ಮತ್ತೆ ಮದುವೆಯಾಗುವುದು ಲೋಕಾರೂಢಿ. ಮಕ್ಕಳನ್ನು ನೋಡಿಕೊಳ್ಳುವವರು ಬೇಕೆಂಬುದೇ ಅದಕ್ಕೆ ಕೊಡುತ್ತಿದ್ದ ಕಾರಣ. ವಧುವಾದರೋ ಬಾಲಿಕೆ. ಈ ಪರಿಸ್ಥಿತಿಯ ಒಂದು ತುದಿಯನ್ನು ಮುಟ್ಟಿದ ಶಾಸನವೆಂದರೆ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ 1894ರಲ್ಲಿ ಬಂದ ಬಾಲ್ಯವಿವಾಹ ಪ್ರತಿಬಂಧಕ ರೆಗ್ಯುಲೇಷನ್. ಎಂಟು ವರ್ಷ ತುಂಬದ ಹುಡುಗಿಯ ಮದುವೆಯನ್ನೂ, ಐವತ್ತು ಮೀರಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದನ್ನೂ ಅದು ನಿಷೇಧಿಸಿತು. ಇದನ್ನು ಸಾಮಾನ್ಯವಾಗಿ ಸ್ತ್ರೀಸುಧಾರಣೆಯ ಇತಿಹಾಸದಲ್ಲಿ ಸೇರಿಸಿ ಓದುತ್ತೇವೆ. ಮಕ್ಕಳ ಪಾಲನೆಯ ಇತಿಹಾಸದಲ್ಲಿಯೂ ಅದಕ್ಕೆ ಸ್ಥಾನವಿರಬೇಕು. ನಲವತ್ತೈದರ ವಿಧುರನು ಹನ್ನೆರಡರ ಹುಡುಗಿಯನ್ನು ತರಲು ಆ ಶಾಸನದಿಂದ ಅಡ್ಡಿಯಿರಲಿಲ್ಲ. ಆತನ ಮೊದಲನೆಯ ಹೆಂಡತಿಯ ಮಗಳಿಗೂ ಹನ್ನೆರಡೇ ಇದ್ದೀತು. ತನ್ನ ವಯಸ್ಸಿನವಳೇ ಆದ ಮಗಳಿಗೆ ತಾಯಾಗಬೇಕಾದ ಈ ಬಾಲೆಯಿಂದ ಸಮಾಜವು ಅಪೇಕ್ಷಿಸಿದುದೇನು? ಹೊಡೆದರೆ ಮಲತಾಯಿ, ಹೊಡೆಯದಿದ್ದರೆ ಮಕ್ಕಳನ್ನು ಕೆಡಿಸಿದವಳು. ಬಡಿಸುವಾಗ ತುಪ್ಪದ ಮಿಳ್ಳೆ ಯಾವ ಎಲೆಯ ಮೇಲೆ ಎಷ್ಟು ಹೊತ್ತು ಬಾಗಿತೆಂಬುದನ್ನು ಅತ್ತೆ ನೋಡುತ್ತಿರುತ್ತಾಳೆ, ನೆರೆಯವರು ಕೇಳುತ್ತಿರುತ್ತಾರೆ. ಪಿತೃಪಕ್ಷದ ಅವಿಧವಾ ನವಮಿಯಂದು ಮುತ್ತೈದೆಯಾಗಿ ತೀರಿಕೊಂಡ ಮೊದಲನೆಯವಳಿಗಾಗಿ ಅಡುಗೆ ಮಾಡುವವಳೂ ಇವಳೇ. ಮೊದಲನೆಯವಳ ಮಗನ ಉಪನಯನದಲ್ಲಿ ಮಾತೃಭೋಜನಕ್ಕೆ ಯಾರು ಕುಳಿತುಕೊಳ್ಳಬೇಕೆಂಬ ಮಾತೆದ್ದಾಗ ಮನೆಯ ಹಿರಿಯರು ಎರಡು ಪಕ್ಷವಾಗುವುದನ್ನು ನಮ್ಮ ತಲೆಮಾರಿನವರೂ ಹಿರಿಯರ ಬಾಯಲ್ಲಿ ಕೇಳಿದ್ದೇವೆ.

ವಿಧುರನಿಗೆ ಇದ್ದ ಈ ದಾರಿ ವಿಧವೆಗೆ ಇರಲಿಲ್ಲ. ಬ್ರಿಟಿಷ್ ಇಂಡಿಯಾದಲ್ಲಿ 1856ರ ಶಾಸನವು ವಿಧವಾವಿವಾಹವನ್ನು ನ್ಯಾಯಸಮ್ಮತಗೊಳಿಸಿತೆಂದು ನಾವು ಪಾಠ ಹೇಳುತ್ತೇವೆ. ಅದೇ ಶಾಸನದ ಮೂರನೆಯ ಪ್ರಕರಣವನ್ನು ಹೇಳುವುದು ಕಡಿಮೆ. ವಿಧವೆಯು ಮರುಮದುವೆಯಾದರೆ, ಸತ್ತ ಗಂಡನ ಕಡೆಯವರು ಮಕ್ಕಳಿಗೆ ಬೇರೆ ಪೋಷಕನನ್ನು ನೇಮಿಸಿಕೊಡಬೇಕೆಂದು ನ್ಯಾಯಾಲಯವನ್ನು ಬೇಡಬಹುದೆಂದು ಅದು ವಿಧಿಸಿತು. ಮರುಮದುವೆಯಿಂದ ತಂದೆಯು ಮಕ್ಕಳಿಗೆ ತಾಯಿಯನ್ನು ಗಳಿಸಿಕೊಟ್ಟನೆನಿಸಿಕೊಂಡರೆ, ತಾಯಿಯು ಮಕ್ಕಳನ್ನೇ ಕಳೆದುಕೊಳ್ಳಬಹುದಾಗಿತ್ತು. ಇಬ್ಬರೂ ಇಲ್ಲದ ಮಕ್ಕಳಿಗೆ ನಮ್ಮ ನಗರದಲ್ಲಿ ಆಶ್ರಯವಾದುದು ತಾತಯ್ಯನೆಂದೇ ಜನಜನಿತರಾದ ಎಂ. ವೆಂಕಟಕೃಷ್ಣಯ್ಯನವರು ಸ್ಥಾಪಿಸಿದ ಅನಾಥಾಲಯ.

ಮೈಸೂರು ಸರ್ಕಾರವು 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಜಾರಿಗೆ ತಂದುದು ಇಡೀ ದೇಶದಲ್ಲಿಯೇ ಗಮನಾರ್ಹವಾದ ಹೆಜ್ಜೆ. ವಿಭಾಗದ ಸಮಯದಲ್ಲಿ ತಾಯಿಗೂ ವಿಧವೆಗೂ ಅವಿವಾಹಿತ ಹೆಣ್ಣುಮಕ್ಕಳಿಗೂ ಪಾಲು ದೊರೆಯಿತು. ಗಂಡನು ಬರಹದಲ್ಲಿ ನಿಷೇಧಿಸದ ಪಕ್ಷದಲ್ಲಿ ವಿಧವೆಯು ದತ್ತು ತೆಗೆದುಕೊಳ್ಳಲು ಆತನ ಅನುಮತಿಯಿದೆಯೆಂದೇ ಭಾವಿಸತಕ್ಕದ್ದೆಂದಾಯಿತು. ಹೆಣ್ಣಿನ ಕೈಗೆ ಆಸ್ತಿ ಬಂದಿತು, ದತ್ತಕದ ಅಧಿಕಾರವೂ ಬಂದಿತು. ಆದರೆ ಮಗುವನ್ನು ದಿನವೂ ಸಾಕುತ್ತಿರುವವಳಿಗೆ ಆ ಸಾಕುವಿಕೆಯಿಂದಲೇ ಯಾವುದಾದರೂ ಅಧಿಕಾರ ಹುಟ್ಟುತ್ತದೆಯೇ ಎಂಬುದನ್ನು ಆ ಕಾಯಿದೆಯೂ ಕೇಳಲಿಲ್ಲ.

1956ರಲ್ಲಿ ಇಡೀ ಭಾರತಕ್ಕೆ ಅನ್ವಯಿಸಿದ ಎರಡು ಶಾಸನಗಳು ಆ ಪ್ರಶ್ನೆಗೆ ಉತ್ತರವನ್ನೇನೋ ಕೊಟ್ಟವು. ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವದ ಕಾಯಿದೆಯ ಆರನೆಯ ಪ್ರಕರಣದ ಪ್ರಕಾರ ಮಗುವಿನ ಸಹಜ ಪೋಷಕನು ತಂದೆ, ಆತನ ಬಳಿಕ ತಾಯ��. ಅದರ ಕೆಳಗಿರುವ ವಿವರಣೆಯು ತಂದೆ ತಾಯಿ ಎಂಬ ಪದಗಳಲ್ಲಿ ಮಲತಂದೆಯೂ ಮಲತಾಯಿಯೂ ಸೇರುವುದಿಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ಅದೇ ವರ್ಷದ ದತ್ತಕ ಮತ್ತು ಜೀವನಾಂಶದ ಕಾಯಿದೆಯ ಹದಿನಾಲ್ಕನೆಯ ಪ್ರಕರಣವು ಇನ್ನೂ ಸ್ವಾರಸ್ಯಕರ. ಒಬ್ಬರಿಗಿಂತ ಹೆಚ್ಚು ಹೆಂಡಿರಿದ್ದವರು ದತ್ತು ತೆಗೆದುಕೊಂಡರೆ ಮೊದಲು ಮದುವೆಯಾದವಳು ದತ್ತಕತಾಯಿ, ಮಿಕ್ಕವರು ಮಲತಾಯಂದಿರು. 1955ರಲ್ಲಿ ಬಹುಪತ್ನೀತ್ವವು ನಿಷಿದ್ಧವಾಗಿದ್ದರೂ ಹಳೆಯ ಮದುವೆಗಳು ಉಳಿದಿದ್ದುದರಿಂದ ಈ ವಿಧಿಯ ಅಗತ್ಯಬಿದ್ದಿತು. ಹೆಂಡತಿಯಿಲ್ಲದವನು ದತ್ತು ತೆಗೆದುಕೊಂಡು ಆಮೇಲೆ ಮದುವೆಯಾದರೆ, ಬಂದವಳು ಮಲತಾಯಿ. ಹಾಗೆಯೇ ದತ್ತು ತೆಗೆದುಕೊಂಡ ವಿಧವೆಯನ್ನೋ ಅವಿವಾಹಿತೆಯನ್ನೋ ಮುಂದೆ ಕೈಹಿಡಿದವನು ಮಲತಂದೆ. ಮಗು ತೊಟ್ಟಿಲಲ್ಲಿದ್ದಾಗ ಬಂದರೂ ಸರಿ, ಅದನ್ನು ಇಪ್ಪತ್ತು ವರ್ಷ ಸಾಕಿದರೂ ಸರಿ, ಹೆಸರು ಅದೇ.

ಇದೇ ಕಾಯಿದೆಯ ಇಪ್ಪತ್ತನೆಯ ಪ್ರಕರಣವು ವೃದ್ಧ ತಂದೆತಾಯಿಗಳನ್ನು ಮಕ್ಕಳು ಪೋಷಿಸತಕ್ಕದ್ದೆಂದು ವಿಧಿಸುವಾಗ, ಸ್ವಂತ ಮಕ್ಕಳಿಲ್ಲದ ಮಲತಾಯಿಯನ್ನು ಆ ಪದದಲ್ಲಿ ಸೇರಿಸಿಕೊಳ್ಳುತ್ತದೆ. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ದಂಡಪ್ರಕ್ರಿಯಾ ಸಂಹಿತೆಯ ಜೀವನಾಂಶದ ವಿಷಯದಲ್ಲಿಯೂ ಮಕ್ಕಳಿಲ್ಲದ ವಿಧವೆ ಮಲತಾಯಿಗೆ ಇದೇ ರಿಯಾಯಿತಿಯನ್ನು ತೋರಿತು. ಹಿರಿಯ ನಾಗರಿಕರ ಪೋಷಣೆಯನ್ನು ಕುರಿತ 2007ರ ಕಾಯಿದೆಯಂತೂ ತಂದೆತಾಯಿ ಎಂಬ ಪದದಲ್ಲಿ ಮಲತಂದೆ ಮಲತಾಯಂದಿರನ್ನು ಯಾವ ಷರತ್ತೂ ಇಲ್ಲದೆ ಸೇರಿಸಿದೆ. ಈ ಶಾಸನಗಳನ್ನು ಒಟ್ಟಿಗೆ ಇಟ್ಟು ಓದಿದವರಿಗೆ ಒಂದು ವಿಚಿತ್ರವು ಕಂಡೇ ಕಾಣುತ್ತದೆ. ಉಣ್ಣುವ ಸರದಿ ಬಂದಾಗ ನಮ್ಮ ಕಾನೂನು ಮಲತಾಯಿಯನ್ನು ತಾಯಿಯೆನ್ನುತ್ತದೆ. ಆಕೆ ಉಣಿಸುತ್ತಿದ್ದಾಗ ಅನ್ನುವುದಿಲ್ಲ. ಮುಪ್ಪಿನಲ್ಲಿ ಸಲ್ಲುವ ಹೆಸರು ಯೌವನದಲ್ಲಿ ಸಲ್ಲದಿರುವುದಕ್ಕೆ ನ್ಯಾಯವಾದ ಕಾರಣವೊಂದೂ ನಮಗೆ ತೋರುವುದಿಲ್ಲ. ಅನುಕಂಪವೇ ಆ ಹೆಸರನ್ನು ಆಕೆಗೆ ಕೊಟ್ಟಿದೆ, ಆಕೆಯ ದುಡಿಮೆಯಲ್ಲ.

ಎದುರುವಾದವೊಂದುಂಟು, ಅದನ್ನು ಅಲಕ್ಷಿಸಲಾಗದು. ಪೋಷಕತ್ವದ ಜೊತೆಗೆ ಮಗುವಿನ ಆಸ್ತಿಯ ಮೇಲ್ವಿಚಾರಣೆಯೂ ಬರುತ್ತದೆ. ಮೊದಲನೆಯವಳ ಮಕ್ಕಳ ಪಾಲನ್ನು ಎರಡನೆಯವಳು ತನ್ನ ಮಕ್ಕಳಿಗೆ ತಿರುಗಿಸಿಕೊಂಡ ಉದಾಹರಣೆಗಳು ಯಾವ ಊರಿನಲ್ಲಿ ಇಲ್ಲ? ಶಾಸನಕರ್ತರ ಮನಸ್ಸಿನಲ್ಲಿದ್ದುದು ಈ ಭಯವೇ ಆಗಿರಬಹುದು. ಆದರೆ ಆಸ್ತಿಯ ಮೇಲಿನ ಅಧಿಕಾರವನ್ನೂ ಶಾಲೆಯ ಅರ್ಜಿಗೆ ರುಜುಮಾಡುವ ಅಧಿಕಾರವನ್ನೂ ಒಂದೇ ಹಗ್ಗದಲ್ಲಿ ಕಟ್ಟಬೇಕಾಗಿರಲಿಲ್ಲ. 1799ರಲ್ಲಿ ಮೈಸೂರು ಈ ಎರಡನ್ನು ಬೇರ್ಪಡಿಸಿತ್ತು. ರಾಜ್ಯ ಪೂರ್ಣಯ್ಯನವರಿಗೆ, ಬಾಲಕ ಲಕ್ಷ್ಮಮ್ಮಣ್ಣಿಯವರಿಗೆ. ಅಂದು ಆಸ್ತಿಯನ್ನು ಕಾಯುವವನ ಹೆಸರು ದಾಖಲೆಯಾಯಿತು, ಮಗುವನ್ನು ಕಾಯುವವಳ ಹೆಸರು ದಾಖಲೆಯಾಗಲಿಲ್ಲ ಎಂಬುದೊಂದೇ ಕೊರತೆ.

ಈಚಿನ ವರ್ಷಗಳಲ್ಲಿ ಕೆಲವು ಬಾಗಿಲುಗಳು ತೆರೆದಿವೆ. 1890ರ ಪೋಷಕರ ಕಾಯಿದೆಯಡಿ ನ್ಯಾಯಾಲಯವು ಮಗುವಿನ ಹಿತವನ್ನು ನೋಡಿ ಯಾರನ್ನಾದರೂ ಪೋಷಕರನ್ನಾಗಿ ನೇಮಿಸಬಹುದೆಂಬುದು ಹಿಂದಿನಿಂದಲೂ ಇದೆ. ಲೇಖಕಿ ಗೀತಾ ಹರಿಹರನ್ ಅವರ ಮೊಕದ್ದಮೆಯಲ್ಲಿ 1999ರಲ್ಲಿ ಸರ್ವೋಚ್ಚ ನ್ಯಾಯಾಲಯವು 'ತಂದೆಯ ಬಳಿಕ ತಾಯಿ' ಎಂಬುದಕ್ಕೆ ತಂದೆಯು ಜೀವಿಸಿದ್ದರೂ ಮಗುವಿನ ಹೊಣೆ ಹೊರದಿದ್ದಾಗ ತಾಯಿ ಎಂಬ ಅರ್ಥವನ್ನು ಕೊಟ್ಟಿತು. ಬಾಲನ್ಯಾಯ ಕಾಯಿದೆಯ ಮೇರೆಗೆ 2017ರಲ್ಲಿ ಬಂದ ದತ್ತಕ ನಿಯಮಗಳು ಮಲತಂದೆ ಅಥವಾ ಮಲತಾಯಿಯು ಸಂಗಾತಿಯ ಮಗುವನ್ನು ವಿಧಿವತ್ತಾಗಿ ದತ್ತು ತೆಗೆದುಕೊಳ್ಳಲು ಅವಕಾಶ ಮಾಡಿದವು. 2022ರ ಜುಲೈನಲ್ಲಿ ಆಂಧ್ರದ ಒಂದು ಮೊಕದ್ದಮೆಯಲ್ಲಿ, ದಾಖಲೆಗಳಲ್ಲಿ ತಾಯಿಯ ಎರಡನೆಯ ಗಂಡನನ್ನು ಮಲತಂದೆಯೆಂದೇ ನಮೂದಿಸಬೇಕೆಂಬ ಉಚ್ಚ ನ್ಯಾಯಾಲಯದ ಆದೇಶವನ್ನು ಸರ್ವೋಚ್ಚ ನ್ಯಾಯಾಲಯವು ಕ್ರೂರವೆಂದು ತಳ್ಳಿಹಾಕಿ, ಮಗುವಿನ ಮನೆತನದ ಹೆಸರನ್ನು ನಿಶ್ಚಯಿಸುವ ಹಕ್ಕು ಮರುಮದುವೆಯಾದ ತಾಯಿಗಿದೆಯೆಂದಿತು. 1856ರ ಶಾಸನದ ಮೂರನೆಯ ಪ್ರಕರಣದಿಂದ ಈ ತೀರ್ಪಿನ ತನಕ ನಡೆದುಬಂದ ದಾರಿ ನೂರ ಅರವತ್ತಾರು ವರ್ಷದ್ದು. ಆದರೆ ಆರನೆಯ ಪ್ರಕರಣದ ಕೆಳಗಿನ ವಿವರಣೆಯು ಈಗಲೂ ಹಾಗೆಯೇ ಇದೆ. ವಿಚ್ಛೇದನ, ಮರುಮದುವೆಗಳು ನಗರಜೀವನದಲ್ಲಿ ಸಾಮಾನ್ಯವಾಗುತ್ತಿರುವಾಗ, ಹಿಂದೆ ಮರಣದಿಂದ ಬೆಸೆಯುತ್ತಿದ್ದ ಸಂಸಾರಗಳು ಈಗ ನ್ಯಾಯಾಲಯದ ತೀರ್ಪಿನಿಂದಲೂ ಬೆಸೆಯುತ್ತಿವೆ. ಹೆತ್ತವರಿಬ್ಬರೂ ಜೀವಿಸಿರುವಾಗ ಸಾಕುವವರಿಗೆ ಮತ್ತಷ್ಟು ಇಕ್ಕಟ್ಟು.

ಕೆಲವು ವರ್ಷಗಳ ಹಿಂದೆ ನಮಗೆ ಪರಿಚಿತಳಾದ ಹುಡುಗಿಯೊಬ್ಬಳು ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸಲು ಹೋದಾಗ ನಾವೂ ಜೊತೆಯಲ್ಲಿದ್ದೆವು. ವಯಸ್ಸು ಹದಿನೇಳು. ನಾಲ್ಕು ವರ್ಷದವಳಾಗಿದ್ದಾಗ ತಾಯಿ ತೀರಿಕೊಂಡಿದ್ದರು, ಹಿಂದಿನ ವರ್ಷ ತಂದೆಯೂ ತೀರಿಕೊಂಡಿದ್ದರು. ಪೋಷಕರ ರುಜುವಿನ ಸ್ಥಳದಲ್ಲಿ ರುಜು ಮಾಡಿದ್ದವರನ್ನು ಗುಮಾಸ್ತರು ಹತ್ತಿರಕ್ಕೆ ಕರೆದು, "ಅಮ್ಮಾ, ನೀವು ಈ ಹುಡುಗಿಗೆ ಏನಾಗಬೇಕು?" ಎಂದರು. "ಚಿಕ್ಕಮ್ಮ" ಎಂದರು ಆಕೆ. "ಅಂದರೆ ತಾಯಿಯ ತಂಗಿಯೋ, ಚಿಕ್ಕಪ್ಪನ ಹೆಂಡತಿಯೋ?" ಆಕೆ ಉತ್ತರ ಕೊಡುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಉತ್ತರವನ್ನು ಕೇಳಿದ ಮೇಲೆ ಗುಮಾಸ್ತರು ಅರ್ಜಿಯನ್ನು ಹಿಂದಿರುಗಿಸಿ, ಹತ್ತಿರದ ಸಂಬಂಧಿಗಳಾರಾದರೂ ಇದ್ದರೆ ಕರೆತನ್ನಿರೆಂದರು. ಮಾರನೆಯ ವಾರ ಹಾಸನದಿಂದ ಹುಡುಗಿಯ ಸೋದರಮಾವ ಬಂದರು. ಆರು ವರ್ಷಗಳಿಂದ ಅವರು ಹುಡುಗಿಯನ್ನು ನೋಡಿರಲಿಲ್ಲ. ಆರನೆಯ ಪ್ರಕರಣದ ಪ್ರಕಾರ ಅವರೂ ಸಹಜ ಪೋಷಕರಲ್ಲ. ಅವರ ರುಜು ಅಂಗೀಕೃತವಾಯಿತು. ಅವರಿಗೆ ಬಸ್ಸಿನ ಖರ್ಚನ್ನು ಕೊಟ್ಟು, ಮಧ್ಯಾಹ್ನದ ಊಟ ಹಾಕಿ, ನಿಲ್ದಾಣದ ತನಕ ಹೋಗಿ ಕಳುಹಿಸಿ ಬಂದವರು ಚಿಕ್ಕಮ್ಮ.